ಅವ್ವನ ಪದಗಳ ನೋಟ್‌ಬುಕ್ ಟೈಪ್ ಮಾಡಬೇಕು: ಟ್ಯಾಬ್ಲೆಟ್‌ಗೆ ಕೀಬೋರ್ಡ್ ಕೊಳ್ಳಲೇ, ಪರದೆಯ ಮೇಲೆಯೇ ಮುಂದುವರಿಸಲೇ?

ಕುಂದವಾಡ ಕೆರೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನನ್ನ ಅವ್ವ ಜಗಳೂರು ಕಡೆಯ ಹಳ್ಳಿಯವಳು. ಬೀಸುವ ಪದ, ಸೋಬಾನೆ ಪದ, ತೊಟ್ಟಿಲ ಪದ ಎಂದು ಅವಳ ಬಾಯಲ್ಲಿ ಎಷ್ಟಿದ್ದವೋ ಲೆಕ್ಕವಿಲ್ಲ. ಅವಳು ಇದ್ದಾಗಲೇ ಪಕ್ಕದಲ್ಲಿ ಕೂತು, 200 ಪುಟದ ನಾಲ್ಕು ನೋಟ್‌ಬುಕ್‌ಗಳಲ್ಲಿ ಅವನ್ನು ಬರೆದುಕೊಂಡಿದ್ದೆ. ಈಗ ಕಾಗದ ಹಳದಿಯಾಗಿದೆ. ಎರಡನೆಯ ಪುಸ್ತಕದ ಮೂಲೆಯನ್ನು ಗೆದ್ದಲು ತಿಂದಿದೆ. ಪೂರ್ತಿ ಹಾಳಾಗುವ ಮೊದಲು ಟೈಪ್ ಮಾಡಿ, ಒಂದು ಪುಸ್ತಿಕೆ ಮಾಡಿಸಿ, ತಂಗಿಯರಿಗೂ ಮೊಮ್ಮಕ್ಕಳಿಗೂ ಕೊಡಬೇಕೆಂಬ ಆಸೆ.

ಮಗ 10 ಇಂಚಿನ ಆ್ಯಂಡ್ರಾಯ್ಡ್ ಟ್ಯಾಬ್ಲೆಟ್ ತಂದುಕೊಟ್ಟಿದ್ದಾನೆ. ಪರದೆಯ ಮೇಲಿನ ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡವಾಗುವ ವಿಧಾನವನ್ನು ಹೇಳಿಕೊಟ್ಟಿದ್ದಾನೆ. ಒಂದು ತಿಂಗಳಲ್ಲಿ ಮುಗಿದದ್ದು 19 ಪುಟ. ಅರ್ಧ ಗಂಟೆ ಕೂತರೆ ತೋರುಬೆರಳಿನ ತುದಿ ಉರಿಯುತ್ತದೆ, ಕತ್ತು ಹಿಡಿದುಕೊಳ್ಳುತ್ತದೆ. ಒಂದು ಸಾಲು ನೋಟ್‌ಬುಕ್ ನೋಡಬೇಕು, ಪರದೆಗೆ ಬಗ್ಗಬೇಕು, ಮತ್ತೆ ನೋಟ್‌ಬುಕ್‌ಗೆ ತಿರುಗಿದರೆ ಎಲ್ಲಿ ಬಿಟ್ಟೆ ಎಂಬುದೇ ತಪ್ಪಿಹೋಗಿರುತ್ತದೆ.

ಪ್ರತ್ಯೇಕ ಕೀಬೋರ್ಡ್ ಕೊಂಡರೆ ಕೆಲಸ ಹಗುರವಾಗುತ್ತದೆಯೇ? ಈ ವಯಸ್ಸಿನಲ್ಲಿ ಹೊಸದನ್ನು ಕಲಿಯುವುದಕ್ಕಿಂತ ಇರುವುದರಲ್ಲೇ ಕೈ ಪಳಗಿಸಿಕೊಳ್ಳುವುದು ಮೇಲೋ? ಬಳಸಿದವರು ದಯವಿಟ್ಟು ಹೇಳಿ.

ಚಂದ್ರವಳ್ಳಿ (ಚಿತ್ರದುರ್ಗ)

ಮೇಡಂ, ನಾನು ಸ್ನಾತಕೋತ್ತರ ವಿದ್ಯಾರ್ಥಿನಿ. ನನ್ನ ಬಳಿ 8 ಇಂಚಿನ ಟ್ಯಾಬ್ಲೆಟ್ ಇದೆ. ಎರಡು ವರ್ಷದಿಂದ ಪರದೆಯ ಮೇಲೆಯೇ ಎಲ್ಲ ಬರೆಯುತ್ತಿದ್ದೇನೆ, ಟಿಪ್ಪಣಿ, ಪ್ರಬಂಧ ಎಲ್ಲವೂ ಅದರಲ್ಲೇ. ಉದ್ದುದ್ದವಾಗಿ ನಿಲ್ಲಿಸಿ ಎರಡು ಕೈಯಲ್ಲಿ ಹಿಡಿದು, ಎರಡೂ ಹೆಬ್ಬೆರಳಿನಲ್ಲಿ ಒತ್ತುತ್ತೇನೆ. ದಾವಣಗೆರೆಗೆ ಬಸ್ಸಿನಲ್ಲಿ ಬರುವಾಗ ಎರಡು ಪುಟ ಮುಗಿದಿರುತ್ತದೆ. ಎರಡಕ್ಷರ ಒತ್ತುವಷ್ಟರಲ್ಲಿ ಪದ ಮೇಲೆ ಬಂದು ನಿಲ್ಲುತ್ತದೆ, ಮುಟ್ಟಿದರೆ ಸಾಕು. ಕೀಬೋರ್ಡ್ ಕೊಂಡರೆ ಅದನ್ನು ಇಡಲು ಮೇಜು ಬೇಕು, ಅದಕ್ಕೊಂದು ಚೀಲ ಬೇಕು, ಚಾರ್ಜ್ ಬೇರೆ. ತೋರುಬೆರಳು ಬಿಟ್ಟು ಹೆಬ್ಬೆರಳು ಬಳಸಿ ನೋಡಿ.

ಅಶೋಕ ರಸ್ತೆ ಡಿಟಿಪಿ (ದಾವಣಗೆರೆ)

ಚಂದ್ರವಳ್ಳಿಯವರು ಹೇಳಿದ್ದು ಅವರ ಕೆಲಸಕ್ಕೆ ಸರಿ. ಆದರೆ ಅವರು ಮಾಡುವುದು ತಲೆಯಲ್ಲಿರುವುದನ್ನು ಬರೆಯುವ ಕೆಲಸ. ಮೇಡಂ ಮಾಡುತ್ತಿರುವುದು ನೋಡಿ ಬರೆಯುವ ಕೆಲಸ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

22 ವರ್ಷದಿಂದ ಲಗ್ನಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆ ಟೈಪ್ ಮಾಡಿಕೊಂಡು ಬಂದಿದ್ದೇನೆ. ಗಿರಾಕಿ ಕೈಬರಹದ ಹಾಳೆ ಕೊಟ್ಟು ಹೋಗುತ್ತಾರೆ, ಅದನ್ನು ಎಡಗಡೆ ಹಲಗೆಗೆ ಸಿಕ್ಕಿಸಿಕೊಳ್ಳುತ್ತೇನೆ. ಕಣ್ಣು ಹಾಳೆಯನ್ನು ಬಿಡುವುದಿಲ್ಲ. ಕೈ ಎಲ್ಲಿದೆ ಎಂದು ನೋಡುವ ಅಗತ್ಯವೇ ಬೀಳುವುದಿಲ್ಲ, ಯಾಕೆಂದರೆ ಕೀಬೋರ್ಡಿನ ಎಫ್ ಮತ್ತು ಜೆ ಕೀಲಿಗಳ ಮೇಲೆ ಒಂದೊಂದು ಸಣ್ಣ ಉಬ್ಬುಗೆರೆ ಇರುತ್ತದೆ. ಎರಡು ತೋರುಬೆರಳು ಅಲ್ಲಿ ಕೂತರೆ ಉಳಿದ ಬೆರಳುಗಳಿಗೆ ತಮ್ಮ ಜಾಗ ತಾನಾಗಿ ಗೊತ್ತಾಗುತ್ತದೆ. ಗಾಜಿನ ಮೇಲೆ ಆ ಉಬ್ಬು ಇಲ್ಲ. ಬೆರಳನ್ನು ಅಲ್ಲಿ ಊರಿ ಕೂರುವಂತೆಯೂ ಇಲ್ಲ, ತಾಗಿದ ಕೂಡಲೇ ಅಕ್ಷರ ಬಿದ್ದುಬಿಡುತ್ತದೆ. ಹಾಗಾಗಿ ಕೈ ಗಾಳಿಯಲ್ಲಿ ತೂಗಿಕೊಂಡೇ ಇರಬೇಕು, ಕಣ್ಣು ಪರದೆಗೆ ಕಟ್ಟಿಬಿದ್ದಿರಬೇಕು. ಸಾಲು ತಪ್ಪುತ್ತದೆ, ಕತ್ತು ಹಿಡಿದುಕೊಳ್ಳುತ್ತದೆ ಎಂದಿರಲ್ಲ ಮೇಡಂ, ಅದಕ್ಕೆ ಕಾರಣ ನಿಮ್ಮ ವಯಸ್ಸಲ್ಲ. ನೋಟ್‌ಬುಕ್‌ಗೂ ಗಾಜಿಗೂ ನಡುವೆ ನಿಮ್ಮ ತಲೆ ದಿನಕ್ಕೆ ಐನೂರು ಸಲ ಏಳುತ್ತ ಬಗ್ಗುತ್ತ ಇದೆ.

ಬೆರಳಿನ ತುದಿ ಉರಿಯುವುದಕ್ಕೂ ಕಾರಣವಿದೆ. ಕೀಲಿ ಒತ್ತಿದಾಗ ಒಂದೆರಡು ಮಿಲಿಮೀಟರ್ ಕೆಳಗಿಳಿದು ಬೆರಳಿನ ಪೆಟ್ಟನ್ನು ತಡೆದುಕೊಳ್ಳುತ್ತದೆ. ಗಾಜು ಇಳಿಯುವುದಿಲ್ಲ, ಬೆರಳು ಪ್ರತಿ ಸಲವೂ ಗಟ್ಟಿ ನೆಲಕ್ಕೆ ಬಡಿಯುತ್ತದೆ. ಗಾಜನ್ನು ಸುಮ್ಮನೆ ಸೋಕಿದರೆ ಸಾಕು, ಗುದ್ದಬೇಕಿಲ್ಲ. ಆದರೆ ಟೈಪ್‌ರೈಟರ್ ಕಾಲದವರು, ಸೀಮೆಸುಣ್ಣ ಹಿಡಿದ ಕೈಯವರು ಒತ್ತಿಯೇ ಒತ್ತುತ್ತಾರೆ.

ಕೀಬೋರ್ಡ್ ಕೊಳ್ಳಿ. ಸಂಶಯ ಬೇಡ.

ಮಂಡಿ ಲೆಕ್ಕ (ದಾವಣಗೆರೆ)

ನಾನು ಮೆಕ್ಕೆಜೋಳದ ಮಂಡಿಯಲ್ಲಿ ಗುಮಾಸ್ತ. ನಮ್ಮಲ್ಲಿ ಟ್ಯಾಬ್ಲೆಟ್ ಬಂದು ಮೂರು ವರ್ಷವಾಯಿತು. ರೈತರ ಹೆಸರು, ಊರು, ಚೀಲ, ತೂಕ ಎಲ್ಲವನ್ನೂ ನಿಂತುಕೊಂಡೇ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬರೆಯುತ್ತೇನೆ. ಅಲ್ಲಿ ಕೀಬೋರ್ಡ್ ಇಡಲು ಜಾಗವೇ ಇಲ್ಲ, ಇಟ್ಟರೂ ಜೋಳದ ದೂಳು ಕೀಲಿಗಳ ಸಂದಿಗೆ ಇಳಿದು ಒಂದು ಸುಗ್ಗಿ ಬಾಳುವುದಿಲ್ಲ. ಗಾಜಾದರೆ ಒರೆಸಿದರೆ ಮುಗಿಯಿತು.

ಒಂದು ತೊಂದರೆ ಮಾತ್ರ ನಿಜ. ಏಪ್ರಿಲ್ ಬಿಸಿಲಿನಲ್ಲಿ ಬೆರಳು ಬೆವೆತರೆ ಪರದೆ ಅಡ್ಡಾದಿಡ್ಡಿ ಅಕ್ಷರ ಹಾಕುತ್ತದೆ. ಗಾಜಿನ ಮೇಲಿನ ಬೆವರ ಹನಿಯನ್ನೂ ಅದು ಬೆರಳೆಂದೇ ತಿಳಿಯುತ್ತದೆ. ಹೆಗಲ ಮೇಲೊಂದು ಹತ್ತಿ ವಸ್ತ್ರ ಇದ್ದೇ ಇರುತ್ತದೆ. ಮೇಡಂ ಮನೆಯಲ್ಲಿ ಕೂತು ಬರೆಯುವವರು, ಅವರಿಗೆ ಡಿಟಿಪಿ ಅಣ್ಣ ಹೇಳಿದ್ದೇ ಸರಿ ಎನಿಸುತ್ತದೆ.

ಕೋಟೆ ಕೆಳಗೆ (ಚಿತ್ರದುರ್ಗ)

ಕೊಳ್ಳುವ ಮೊದಲು ಒಂದು ಮಾತು, ಇಲ್ಲದಿದ್ದರೆ ಆಮೇಲೆ ಬೇಸರವಾಗುತ್ತದೆ. ಕೀಬೋರ್ಡ್ ಜೋಡಿಸಿದ ಮಾತ್ರಕ್ಕೆ ಟ್ಯಾಬ್ಲೆಟ್‌ನಲ್ಲಿ ಕನ್ನಡ ಬರುವುದಿಲ್ಲ. ಪರದೆಯ ಕೀಲಿಮಣೆ ಒಂದು ಆ್ಯಪ್. ಇಂಗ್ಲಿಷ್ ಅಕ್ಷರವನ್ನು ಕನ್ನಡ ಮಾಡುವ ಜಾಣತನವೆಲ್ಲ ಆ ಆ್ಯಪ್‌ನ ಒಳಗಿದೆ. ಹೊರಗಿನ ಕೀಬೋರ್ಡ್ ಕಳಿಸುವುದು ಯಾವ ಕೀಲಿ ಒತ್ತಿದಿರಿ ಎಂಬ ಸುದ್ದಿಯನ್ನು ಮಾತ್ರ. ಆ ಸುದ್ದಿಯನ್ನು ಆ್ಯಪ್ ಕೈಗೆತ್ತಿಕೊಂಡು ಕನ್ನಡ ಮಾಡದಿದ್ದರೆ ಪರದೆಯ ಮೇಲೆ ಮೂಡುವುದು ಬರೀ ಇಂಗ್ಲಿಷ್. ನಾನು ಇದೇ ಕಾರಣಕ್ಕೆ ಮೊದಲ ಕೀಬೋರ್ಡನ್ನು ಆರು ತಿಂಗಳು ಬೀರುವಿನಲ್ಲಿಟ್ಟಿದ್ದೆ. ಹೊರಗಿನ ಕೀಬೋರ್ಡಿಗೂ ಕನ್ನಡ ಕೊಡುವ ಆ್ಯಪ್ ಯಾವುದೆಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಆಮೇಲೆ ದುಡ್ಡು ಖರ್ಚು ಮಾಡಿ.

ಕೊಳ್ಳುವುದಕ್ಕೂ ಮೊದಲು, ಮನೆಯ ಹಳೆಯ ಕಂಪ್ಯೂಟರಿನ ತಂತಿ ಕೀಬೋರ್ಡ್ ಇದ್ದರೆ ಅದನ್ನೇ ಹಚ್ಚಿ ನೋಡಿ. ಟೈಪ್-ಸಿ ತೂತಿಗೆ ಹಾಕುವ ಒಟಿಜಿ ಕೊಂಡಿ ಯಾವ ಮೊಬೈಲ್ ಅಂಗಡಿಯಲ್ಲಾದರೂ ಸಿಗುತ್ತದೆ. ಹೆಚ್ಚಿನ ಟ್ಯಾಬ್ಲೆಟ್‌ಗಳು ಅದನ್ನು ಒಪ್ಪುತ್ತವೆ. ವಿದ್ಯುತ್ತನ್ನು ಟ್ಯಾಬ್ಲೆಟ್‌ನಿಂದಲೇ ಎಳೆದುಕೊಳ್ಳುತ್ತದೆ, ಪ್ರತ್ಯೇಕ ಬ್ಯಾಟರಿ ಬೇಡ.

ಮಾರಿಕಣಿವೆ (ಹಿರಿಯೂರು)

ಇನ್ನೊಂದು ದಾರಿಯನ್ನೂ ಹೇಳುತ್ತೇನೆ. ನಮ್ಮ ತಂದೆಯವರಿಗೆ ಪಾರ್ಶ್ವವಾಯು ಆಗಿ ಬಲಗೈ ಸ್ವಾಧೀನದಲ್ಲಿಲ್ಲ. ಅವರಿಗೆ ಕೀಬೋರ್ಡ್ ಕೊಡಿಸಿ ತಪ್ಪು ಮಾಡಿದೆ. ಶಿಫ್ಟ್ ಒತ್ತಿ ಹಿಡಿದುಕೊಂಡು ಇನ್ನೊಂದು ಕೀಲಿ ಒತ್ತಬೇಕೆಂದರೆ ಎರಡು ಕೈ ಬೇಕು. ಪರದೆಯ ಮೇಲಾದರೆ ಶಿಫ್ಟ್ ಒಮ್ಮೆ ಮುಟ್ಟಿ ಬಿಟ್ಟು, ಆಮೇಲೆ ಅಕ್ಷರ ಮುಟ್ಟಿದರೆ ಆಯಿತು. ಎಡಗೈಯ ಒಂದೇ ಬೆರಳಿನಲ್ಲಿ ಅವರು ಈಗ ನೆಂಟರಿಗೆಲ್ಲ ಸಂದೇಶ ಬರೆಯುತ್ತಾರೆ. ಉದ್ದವಿದ್ದರೆ ಮೈಕ್ ಒತ್ತಿ ಹೇಳುತ್ತಾರೆ. ಗೂಗಲ್‌ನ ಧ್ವನಿ ಟೈಪಿಂಗ್‌ಗೆ 2017ರಲ್ಲಿಯೇ ಕನ್ನಡ ಸೇರಿತು. ನಿಧಾನವಾಗಿ ಬಿಡಿಸಿ ಹೇಳಿದರೆ ಚೆನ್ನಾಗಿಯೇ ಹಿಡಿಯುತ್ತದೆ. ಪದಗಳನ್ನು ಮೇಡಂ ಓದಿ ಹೇಳಿ ನೋಡಬಹುದಲ್ಲವೇ?

ಕುಂದವಾಡ ಕೆರೆ (ದಾವಣಗೆರೆ)

ಎಲ್ಲರಿಗೂ ಕೃತಜ್ಞತೆಗಳು. ಹಿರಿಯೂರಿನವರೇ, ನಿಮ್ಮ ತಂದೆಯವರು ಕುಗ್ಗದೆ ಬರೆಯುತ್ತಿದ್ದಾರೆ ಎಂದು ಓದಿ ಸಂತೋಷವಾಯಿತು. ನೀವು ಹೇಳಿದಂತೆ ಮೈಕ್ ಒತ್ತಿ ಒಂದು ಬೀಸುವ ಪದವನ್ನು ಓದಿ ಹೇಳಿದೆ. ಸರಸರನೆ ಬಂತು. ಆಮೇಲೆ ನೋಟ್‌ಬುಕ್ ಪಕ್ಕದಲ್ಲಿಟ್ಟು ತಾಳೆ ನೋಡಿದರೆ ಎದೆ ಧಸಕ್ಕೆಂದಿತು.

ಅವ್ವ ಹಾಡಿದ್ದು ‘ಜ್ವಾಳ’. ಪರದೆಯ ಮೇಲೆ ಬಂದದ್ದು ‘ಜೋಳ’. ಅವ್ವನ ‘ಮ್ಯಾಲೆ’ ಹೋಗಿ ‘ಮೇಲೆ’ ಆಗಿದೆ, ‘ಕ್ವಾಟೆ’ ಹೋಗಿ ‘ಕೋಟೆ’ ಆಗಿದೆ. ‘ಒಳ್ಳು’ ಎಂದರೆ ನಮ್ಮ ಕಡೆ ಒರಳು. ಅದು ‘ಒಳ್ಳೆಯ’ ಆಗಿದೆ. ಭಯವಾಗಿ, ಹಿಂದಿನ ತಿಂಗಳು ಬೆರಳಿನಿಂದಲೇ ಟೈಪ್ ಮಾಡಿದ 19 ಪುಟಗಳನ್ನೂ ತೆಗೆದು ನೋಡಿದೆ. ಅಲ್ಲೂ ಇದೇ ಕಥೆ. 11 ಕಡೆ ‘ಮ್ಯಾಲೆ’ ಇದ್ದದ್ದು ‘ಮೇಲೆ’ ಆಗಿದೆ, ನಾನು ಗಮನಿಸಿಯೇ ಇಲ್ಲ. ಮೇಲೆ ತೇಲಿ ಬಂದ ಪದವನ್ನು ಅವಸರದಲ್ಲಿ ಮುಟ್ಟಿ ಮುಂದೆ ಹೋಗಿದ್ದೇನೆ.

ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಬರವಣಿಗೆ ತಿದ್ದಿದವಳು ನಾನು. ಆದರೆ ಅವ್ವನ ಬಾಯಿಯ ಮಾತನ್ನು ತಿದ್ದುವ ಹಕ್ಕು ನನಗಿಲ್ಲ, ಈ ಯಂತ್ರಕ್ಕೆ ಇನ್ನೂ ಇಲ್ಲ. ಅವಳು ‘ಮೇಲೆ’ ಎಂದು ಹಾಡಿದ್ದರೆ ಹಾಗೆಯೇ ಬರೆದುಕೊಳ್ಳುತ್ತಿದ್ದೆ. ನೋವು, ವೇಗ ಎಲ್ಲ ಹಾಗಿರಲಿ. ಒತ್ತಿದ್ದನ್ನು ಒತ್ತಿದಂತೆಯೇ ಬರೆಯುವ ದಾರಿ ಯಾವುದು ಎಂದು ಮೊದಲು ಹೇಳಿ.

ಅಶೋಕ ರಸ್ತೆ ಡಿಟಿಪಿ (ದಾವಣಗೆರೆ)

ನೋಡಿದಿರಾ, ಇದಕ್ಕೇ ನಾನು ಗಾಜನ್ನು ನಂಬುವುದಿಲ್ಲ ಎನ್ನುವುದು.

ಕೋಟೆ ಕೆಳಗೆ (ಚಿತ್ರದುರ್ಗ)

ಅಣ್ಣಾ, ಇಲ್ಲಿ ಗಾಜಿನ ತಪ್ಪಿಲ್ಲ. ಎರಡು ಬೇರೆ ಬೇರೆ ವಿಷಯಗಳು ಗಂಟು ಬಿದ್ದಿವೆ, ಬಿಡಿಸಿ ಹೇಳುತ್ತೇನೆ.

ಯಾವುದರ ಮೇಲೆ ಒತ್ತುತ್ತೇವೆ ಎಂಬುದು ಒಂದು: ಗಾಜೋ, ಕೀಲಿಯೋ. ಒತ್ತಿದ್ದು ಅಕ್ಷರವಾಗುವುದು ಹೇಗೆ ಎಂಬುದು ಇನ್ನೊಂದು. ಮೇಡಂ ಬಳಸುತ್ತಿರುವುದು ಲಿಪ್ಯಂತರಣ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಪದವನ್ನು ನೋಡಿ, ಇದು ಯಾವ ಕನ್ನಡ ಪದ ಇರಬಹುದೆಂದು ಆ್ಯಪ್ ಊಹಿಸುತ್ತದೆ. ಇಂಗ್ಲಿಷಿನಲ್ಲಿ ಲ-ಳ, ನ-ಣ ಭೇದ ಬರೆಯಲಾಗದು, ಹಾಗಾಗಿ ಊಹೆ ಬೇಕೇ ಬೇಕು. ಊಹೆ ಎಲ್ಲಿಂದ ಬರುತ್ತದೆ? ಹೆಚ್ಚು ಜನ ಬರೆದ ಪದಗಳಿಂದ. ‘ಮೇಲೆ’ ಎಂದು ಲಕ್ಷ ಜನ ಬರೆದಿದ್ದಾರೆ, ‘ಮ್ಯಾಲೆ’ ಎಂದು ಬರೆದವರು ವಿರಳ. ಜಗಳೂರು ಸೀಮೆಯ ಅಜ್ಜಿಯ ಮಾತು ಅದರ ಲೆಕ್ಕದಲ್ಲಿ ತಪ್ಪು ಟೈಪಿಂಗ್. ಧ್ವನಿ ಟೈಪಿಂಗ್‌ನಲ್ಲೂ ನಡೆಯುವುದು ಇದೇ ಊಹೆಯೇ.

ಇದಕ್ಕೆ ಎದುರಾಗಿರುವುದು ಕೀಲಿ ವಿನ್ಯಾಸ. ಅಲ್ಲಿ ಊಹೆಯೇ ಇಲ್ಲ, ಒಂದು ಕೀಲಿಗೆ ಒಂದು ಅಕ್ಷರ. ಕನ್ನಡಕ್ಕೆ ಬಳಕೆಯಲ್ಲಿರುವವು ಮುಖ್ಯವಾಗಿ ಎರಡು. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್‌ನಲ್ಲಿ ಎಡಗೈಗೆ ಸ್ವರ, ಬಲಗೈಗೆ ವ್ಯಂಜನ; ಹಿಂದಿ, ತೆಲುಗಿಗೂ ಅದೇ ಜಾಗ. ಇನ್ನೊಂದು ಕೆ.ಪಿ. ರಾವ್ ಅವರು ರೂಪಿಸಿದ್ದು. ಕರ್ನಾಟಕ ಸರ್ಕಾರ ಅದನ್ನು ಅಧಿಕೃತವಾಗಿ ಒಪ್ಪಿದೆ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿರುವುದೂ ಅದೇ. ಕ.ಗ.ಪ. ವಿನ್ಯಾಸ ಎನ್ನುತ್ತಾರೆ. ಕಚೇರಿಗಳಲ್ಲಿ ನುಡಿ ಬಳಸುವವರ ಕೈಯಲ್ಲಿ ಇರುವುದೂ ಇದೇ.

ಈ ವಿನ್ಯಾಸವನ್ನು ಗಾಜಿನ ಮೇಲೂ ಹಾಕಿಕೊಳ್ಳಬಹುದು, ಕೀಬೋರ್ಡಿಗೂ ಕೊಡಬಹುದು. ಅವ್ವನ ಪದ ಉಳಿಯಬೇಕಾದರೆ ವಿನ್ಯಾಸ ಬದಲಿಸಿ, ಪದ ಸೂಚಿಸುವ ಪಟ್ಟಿಯನ್ನೂ ಸ್ವಯಂ ತಿದ್ದುಪಡಿಯನ್ನೂ ಆರಿಸಿಬಿಡಿ. ಕತ್ತು ಉಳಿಯಬೇಕಾದರೆ ಕೀಬೋರ್ಡ್ ಕೊಳ್ಳಿ. ನಿಮಗೆ ಎರಡೂ ಬೇಕು.

ಅಶೋಕ ರಸ್ತೆ ಡಿಟಿಪಿ (ದಾವಣಗೆರೆ)

ಒಪ್ಪಿದೆ ತಮ್ಮಾ. ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು, ನಾನು ಎರಡನ್ನೂ ಸೇರಿಸಿ ಮಾತಾಡಿದೆ. ನನ್ನ ಕೈಗೆ ನುಡಿ ಬಿಟ್ಟು ಬೇರೆ ಗೊತ್ತೇ ಇಲ್ಲವಾದ್ದರಿಂದ ಕೀಬೋರ್ಡ್ ಎಂದರೆ ಆ ವಿನ್ಯಾಸವೇ ಎಂದುಕೊಂಡಿದ್ದೆ.

ಮೇಡಂ, ಕ.ಗ.ಪ. ಕಲಿಯುವುದಕ್ಕೆ ಹೆದರಬೇಡಿ. ಅದರಲ್ಲಿ ವ್ಯಂಜನ ಒತ್ತಿದರೆ ಅಕಾರ ಸೇರಿಯೇ ಬರುತ್ತದೆ. ‘ಮನ’ ಎನ್ನಲು ಎಮ್, ಎನ್ ಎರಡೇ ಕೀಲಿ. ಅದೇ ಲಿಪ್ಯಂತರಣದಲ್ಲಿ ನಾಲ್ಕು. ಶಿಫ್ಟ್ ಒತ್ತಿದರೆ ಮಹಾಪ್ರಾಣ, ದೀರ್ಘ. ಎನ್ ಎಂದರೆ ನ, ಶಿಫ್ಟ್ ಎನ್ ಎಂದರೆ ಣ. ಎಲ್ ಎಂದರೆ ಲ, ಶಿಫ್ಟ್ ಎಲ್ ಎಂದರೆ ಳ. ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಕೆಲವು ಮಾತ್ರ: ಟ ಇರುವುದು ಕ್ಯೂನಲ್ಲಿ, ಡ ಇರುವುದು ಡಬ್ಲ್ಯೂನಲ್ಲಿ, ಷ ಎಕ್ಸ್‌ನಲ್ಲಿ. ಟಿ ಮತ್ತು ಡಿ ಕೀಲಿಗಳು ತ, ದಗಳಿಗೆ ಹೋಗಿಬಿಟ್ಟಿವೆ, ಅದಕ್ಕೆ. ಒತ್ತಕ್ಷರಕ್ಕೆ ನಡುವೆ ಎಫ್. ‘ಕಲ್ಲು’ ಬರೆಯಲು ಕ, ಲ, ಎಫ್, ಲ, ಉ. ಅವ್ವನ ‘ಜ್ವಾಳ’ಕ್ಕೆ ಜ, ಎಫ್, ವ, ಆ, ಶಿಫ್ಟ್ ಎಲ್. ಐದು ಕೀಲಿ. ಯಾರ ಊಹೆಯೂ ನಡುವೆ ಬರುವುದಿಲ್ಲ.

ಕುಂದವಾಡ ಕೆರೆ (ದಾವಣಗೆರೆ)

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಪಕ್ಕದ ಮನೆಯವರ ಹಳೆಯ ತಂತಿ ಕೀಬೋರ್ಡ್ ಎರವಲು ತಂದು, ಒಟಿಜಿ ಕೊಂಡಿ ಹಾಕಿ ಜೋಡಿಸಿದೆ. ಕೋಟೆಯ ಕೆಳಗಿನವರು ಹೇಳಿದಂತೆಯೇ ಮೊದಲು ಇಂಗ್ಲಿಷ್ ಬಂತು. ಸೆಟ್ಟಿಂಗ್ಸ್‌ನಲ್ಲಿ ಭೌತಿಕ ಕೀಬೋರ್ಡ್ ಎಂಬ ಜಾಗಕ್ಕೆ ಹೋದೆ, ಆ ಪಟ್ಟಿಯಲ್ಲಿ ನನಗೆ ಕನ್ನಡ ಸಿಗಲಿಲ್ಲ. ಮಗ ಫೋನಿನಲ್ಲಿ ಹೇಳಿದಂತೆ ಮೂರು ಆ್ಯಪ್ ಹಾಕಿ ತೆಗೆದ ಮೇಲೆ ಒಂದು ಆ್ಯಪ್ ಕೀಬೋರ್ಡಿನ ಮಾತು ಕೇಳಿತು, ಕ.ಗ.ಪ. ವಿನ್ಯಾಸವೂ ಅದರಲ್ಲಿತ್ತು.

ಮೊದಲ ಮೂರು ದಿನ ಹಾಡಿನ ಗೊಡವೆಗೇ ಹೋಗಲಿಲ್ಲ. ಒಂದನೆಯ ತರಗತಿಯ ಮಗುವಿನಂತೆ ಕಾಗುಣಿತ ಬರೆದೆ. ಆಗ ಒಂದು ವಿಷಯ ಹೊಳೆದು ತುಂಬ ಖುಷಿಯಾಯಿತು. ನಾವು ಮಕ್ಕಳಿಗೆ ಹೇಳಿಕೊಡುವುದು ಹೇಗೆ? ಕ ಬರೆ, ಅದಕ್ಕೆ ಇಳಿ ಕೊಟ್ಟರೆ ಕಾ, ಗುಡಿಸು ಕೊಟ್ಟರೆ ಕಿ, ಕೊಂಬು ಕೊಟ್ಟರೆ ಕು. ಈ ವಿನ್ಯಾಸದಲ್ಲೂ ಹಾಗೆಯೇ! ಕ ಒತ್ತಿ ಆ ಒತ್ತಿದರೆ ಇಳಿ ಬಂದು ಕೂರುತ್ತದೆ, ಇ ಒತ್ತಿದರೆ ಗುಡಿಸು. ಕನ್ನಡದ ಅಕ್ಷರ ಹುಟ್ಟುವ ಕ್ರಮದಲ್ಲಿಯೇ ಬೆರಳು ಓಡುತ್ತದೆ. ಇದನ್ನು ಮಾಡಿದವರು ಕಾಗುಣಿತವನ್ನು ಮನಸ್ಸಿಟ್ಟು ನೋಡಿದ್ದಾರೆ. ಇಷ್ಟು ದಿನ ನಾನು ಕನ್ನಡವನ್ನು ಇಂಗ್ಲಿಷಿನ ಕಾಗುಣಿತದಲ್ಲಿ ಯೋಚಿಸಿ ಬರೆಯುತ್ತಿದ್ದೆನಲ್ಲ ಎನಿಸಿತು.

ಬಿಳಿ ಕಾಗದದಲ್ಲಿ ಸಣ್ಣ ಚೌಕ ಕತ್ತರಿಸಿ ಟ, ಡ, ಷ ಬರೆದು ಆಯಾ ಕೀಲಿಗೆ ಅಂಟಿಸಿದ್ದೆ. ಏಳನೆಯ ದಿನ ಟ ಚೀಟಿ ಉದುರಿಹೋಯಿತು, ಮತ್ತೆ ಅಂಟಿಸುವ ಅಗತ್ಯ ಬೀಳಲಿಲ್ಲ.

ಇನ್ನೂ ಕೈ ನೋಡಿಕೊಂಡೇ ಒತ್ತುತ್ತೇನೆ. ಆದರೂ ಸಾಲು ತಪ್ಪುವುದು ಕಡಿಮೆಯಾಗಿದೆ. ನೋಟ್‌ಬುಕ್ಕನ್ನು ಪೂಜೆಯ ಪುಸ್ತಕ ಇಡುವ ವ್ಯಾಸಪೀಠದ ಮೇಲೆ ತೆರೆದಿಟ್ಟು, ಟ್ಯಾಬ್ಲೆಟ್ಟನ್ನು ಅದರ ಪಕ್ಕದಲ್ಲಿಯೇ ಅದೇ ಎತ್ತರಕ್ಕೆ ನಿಲ್ಲಿಸಿದ್ದೇನೆ. ಕತ್ತು ಬಗ್ಗಿಸುವ ಕೆಲಸವೇ ಇಲ್ಲ. ಗಾಜಿನ ಮೇಲೆ ಟೈಪ್ ಮಾಡುವಾಗ ಪರದೆಯನ್ನು ನಿಲ್ಲಿಸಿಡಲು ಆಗುತ್ತಲೇ ಇರಲಿಲ್ಲ, ನಿಲ್ಲಿಸಿದರೆ ಬೆರಳು ತಾಗಿ ಹಿಂದಕ್ಕೆ ಬೀಳುತ್ತಿತ್ತು.

ಚಂದ್ರವಳ್ಳಿ (ಚಿತ್ರದುರ್ಗ)

ಮೇಡಂ, ನಿಮ್ಮ ‘ಮ್ಯಾಲೆ’ ಕಥೆ ಓದಿದ ಮೇಲೆ ನನ್ನ ಬರಹವನ್ನೂ ತೆಗೆದು ನೋಡಿದೆ. ಮೊಳಕಾಲ್ಮೂರು ಕಡೆಯ ನೇಕಾರರನ್ನು ಮಾತಾಡಿಸಿ ಬರೆದುಕೊಂಡ ಟಿಪ್ಪಣಿಗಳಿವೆ. ಅವರು ಹೇಳಿದ ಮಗ್ಗದ ಭಾಗಗಳ ಹೆಸರುಗಳಲ್ಲಿ ನಾಲ್ಕು ನನ್ನ ಟಿಪ್ಪಣಿಯಲ್ಲಿ ಬೇರೆಯೇ ಪದಗಳಾಗಿವೆ. ಧ್ವನಿಮುದ್ರಣ ಇಟ್ಟುಕೊಂಡಿದ್ದರಿಂದ ಬಚಾವಾದೆ. ಹೆಬ್ಬೆರಳನ್ನು ಬಿಡುವುದಿಲ್ಲ, ಆದರೆ ಪರದೆಯ ಮೇಲೆಯೇ ಕ.ಗ.ಪ. ಹಾಕಿಕೊಂಡಿದ್ದೇನೆ, ಸೂಚನೆಯ ಪಟ್ಟಿಯನ್ನು ಆರಿಸಿದ್ದೇನೆ. ಈಗ ನಿಧಾನ. ಆದರೆ ಅವರು ಹೇಳಿದ್ದೇ ಬರುತ್ತಿದೆ.

ಕೀಬೋರ್ಡ್ ಅಳತೆಯ ಬಗ್ಗೆ ತಿಳಿದವರು ಹೇಳಿ. ಕೊಂಡರೆ ಮಡಚುವ ಸಣ್ಣದು ಸಾಕೇ?

ಕೋಟೆ ಕೆಳಗೆ (ಚಿತ್ರದುರ್ಗ)

ಅಳತೆ ಹಿಡಿದು ಹೇಳುತ್ತೇನೆ. ಪೂರ್ಣ ಗಾತ್ರದ ಕೀಬೋರ್ಡಿನಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ ಸುಮಾರು 19 ಮಿಲಿಮೀಟರ್. ನಿಮ್ಮ 8 ಇಂಚಿನ ಟ್ಯಾಬ್ಲೆಟ್ ನಿಲ್ಲಿಸಿದಾಗ ಪರದೆಯ ಅಗಲ 11 ಸೆಂಟಿಮೀಟರ್ ಆಸುಪಾಸು. ಹತ್ತು ಕೀಲಿ ಕೂರಿಸಿದರೆ ಒಂದಕ್ಕೆ 11 ಮಿಲಿಮೀಟರ್. ಹೆಬ್ಬೆರಳಿಗೆ ಅದು ಹಿತ, ಹತ್ತು ಬೆರಳಿಗೆ ಅಸಾಧ್ಯ. ಮೇಡಂ ಅವರ 10 ಇಂಚಿನದನ್ನು ಅಡ್ಡ ಮಲಗಿಸಿದರೆ 21 ಸೆಂಟಿಮೀಟರಿಗೂ ಹೆಚ್ಚು ಅಗಲ, ಅಂದರೆ ಪರದೆಯ ಕೀಲಿಯೂ ಪೂರ್ಣ ಗಾತ್ರದ್ದೇ ಆಗುತ್ತದೆ. ಆದರೆ ಆಗ ಅರ್ಧ ಪರದೆಯನ್ನು ಕೀಲಿಮಣೆಯೇ ನುಂಗುತ್ತದೆ, ಬರೆದದ್ದು ಕಾಣುವುದು ನಾಲ್ಕೈದು ಸಾಲು.

ಮಡಚುವ ಸಣ್ಣದರಲ್ಲಿ ಕೀಲಿಗಳು ಒತ್ತೊತ್ತಾಗಿರುತ್ತವೆ. ಕ.ಗ.ಪ. ಬರೆಯುವವರು ಶಿಫ್ಟ್ ಎಷ್ಟು ಸಲ ಒತ್ತುತ್ತಾರೆ ಎಂದು ನಿಮಗೇ ಗೊತ್ತು. ಣ, ಳ, ಶ, ದೀರ್ಘ ಎಲ್ಲಕ್ಕೂ ಅದೇ. ಸಣ್ಣ ಕೀಬೋರ್ಡ್‌ಗಳಲ್ಲಿ ಬಲಗಡೆಯ ಶಿಫ್ಟ್ ಮೊಂಡಾಗಿರುವುದುಂಟು. ಎಡಗೈ ಕಿರುಬೆರಳೊಂದೇ ಎಲ್ಲ ಭಾರ ಹೊರಬೇಕಾಗುತ್ತದೆ. ಅಂಗಡಿಯಲ್ಲಿ ಬೆಲೆ ಕೇಳುವುದಕ್ಕೂ ಮೊದಲು ಎರಡೂ ಶಿಫ್ಟ್ ಕೈಗೆ ಸಿಗುತ್ತವೆಯೇ ನೋಡಿ.

ಮಂಡಿ ಲೆಕ್ಕ (ದಾವಣಗೆರೆ)

ಬ್ಲೂಟೂತ್ ಕೊಳ್ಳುವುದಾದರೆ ಇದನ್ನೂ ನೋಡಿ. ನಮ್ಮ ಮಾಲೀಕರು ಲೆಕ್ಕ ಬರೆಯಲು ಒಂದು ತಂದಿದ್ದರು. ಎರಡು ನಿಮಿಷ ಸುಮ್ಮನೆ ಬಿಟ್ಟರೆ ಅದು ಮಲಗಿಬಿಡುತ್ತಿತ್ತು, ಎಚ್ಚರವಾಗುವಾಗ ಮೊದಲು ಒತ್ತಿದ ಒಂದೆರಡು ಅಂಕೆ ನುಂಗುತ್ತಿತ್ತು. 1450 ಎಂದು ಒತ್ತಿದರೆ 450 ಬಿತ್ತು. ಸಂಜೆ ಲೆಕ್ಕ ತಾಳೆಯಾಗದೆ ಎಂಟು ಗಂಟೆಯವರೆಗೂ ಕೂತಿದ್ದೆವು.

ಅಶೋಕ ರಸ್ತೆ ಡಿಟಿಪಿ (ದಾವಣಗೆರೆ)

ಪುಸ್ತಿಕೆ ಮಾಡಿಸುವ ಮಾತು ಬಂದಿದ್ದರಿಂದ, ಮುದ್ರಣದ ಕಡೆಯಿಂದ ಎರಡು ಮಾತು. ಟ್ಯಾಬ್ಲೆಟ್‌ನಲ್ಲಿ ನೀವು ಬರೆಯುವುದು ಯೂನಿಕೋಡ್, ಅಂದರೆ ಒಂದೇ ಫಾಂಟಿಗೆ ಕಟ್ಟುಬೀಳದ, ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ. ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಬಹಳ ಕಡೆ ನುಡಿಯ ಹಳೆಯ ಫಾಂಟಿನಲ್ಲಿಯೇ ಪುಟ ಕಟ್ಟುತ್ತೇವೆ. ಹಾಗೆಂದು ನೀವು ಹಳೆಯ ಫಾಂಟಿಗೆ ಬದಲಿಸಿ ಕೊಡುವ ಗೋಜಿಗೆ ಹೋಗಬೇಡಿ. ಯೂನಿಕೋಡ್‌ನಲ್ಲಿಯೇ ಇಟ್ಟುಕೊಳ್ಳಿ, ಬದಲಿಸುವ ಕೆಲಸ ನಮ್ಮದು. ಹಳೆಯ ಫಾಂಟಿನ ಕಡತ ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಚಿತ್ರವಿಚಿತ್ರ ಅಕ್ಷರ. ನಿಮ್ಮ ಮೊಮ್ಮಕ್ಕಳು ಮುಂದೆ ಹುಡುಕಿ ಓದಬೇಕಾದರೆ ಯೂನಿಕೋಡ್ ಪ್ರತಿಯೇ ಮೂಲ ಪ್ರತಿ.

ಇನ್ನೊಂದು, ಅರ್ಧಾಕ್ಷರ ಬಿಡಿಯಾಗಿ ನಿಲ್ಲಬೇಕಾದ ಕಡೆ. ‘ನೋಟ್‌ಬುಕ್’ ಎಂದು ಬರೆಯಿರಿ, ಟ ಅಡಿಗೆ ಬ ಒತ್ತಾಗಿ ಅಂಟಿಕೊಂಡು ‘ನೋಟ್ಬುಕ್’ ಆಗುತ್ತದೆ. ಕ.ಗ.ಪ.ದಲ್ಲಿ ಎಫ್ ಕೀಲಿಯನ್ನು ಎರಡು ಸಲ ಒತ್ತಿದರೆ ಬಿಡಿಯಾಗಿ ನಿಲ್ಲುತ್ತದೆ. ಕಣ್ಣಿಗೆ ಕಾಣದ ಒಂದು ಚಿಹ್ನೆ ನಡುವೆ ಬಂದು ಅವೆರಡನ್ನು ಅಂಟದಂತೆ ತಡೆಯುತ್ತದೆ. ನಡುವೆ ಜಾಗ ಬಿಟ್ಟು ತಪ್ಪಿಸಿಕೊಳ್ಳಬೇಡಿ, ಪುಟ ಕಟ್ಟುವಾಗ ಪದ ಅಲ್ಲಿಗೇ ತುಂಡಾಗಿ ಅರ್ಧ ಕೆಳಗಿನ ಸಾಲಿಗೆ ಹೋಗುತ್ತದೆ.

ಕುಂದವಾಡ ಕೆರೆ (ದಾವಣಗೆರೆ)

ಆರು ವಾರವಾಯಿತು. ಎರವಲು ತಂದದ್ದನ್ನು ಮರಳಿಸಿ, ಮಂಡಿಯವರ ಎಚ್ಚರಿಕೆ ನೆನಪಿಟ್ಟುಕೊಂಡು ತಂತಿಯದನ್ನೇ ಕೊಂಡೆ. ಪೂರ್ಣ ಗಾತ್ರ, ಎರಡು ಕಡೆಯೂ ಉದ್ದ ಶಿಫ್ಟ್. ಮೊದಲ ನೋಟ್‌ಬುಕ್ ಮುಗಿಯಿತು. ಹಿಂದಿನ 19 ಪುಟಗಳನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರುತ್ತೇನೆ. ದಿನಕ್ಕೆ ಆರೇಳು ಪುಟ ಆಗುತ್ತದೆ. ಬೆರಳು ಉರಿಯುವುದಿಲ್ಲ.

ಮೊನ್ನೆ ಒಂದು ಸೋಬಾನೆ ಪದ ಬರೆಯುವಾಗ ನಡುವೆ ಕಣ್ಣು ಎತ್ತಿ ನೋಡಿದೆ. ನಾಲ್ಕು ಸಾಲು ಪರದೆಯ ಮೇಲೆ ಬಂದಿತ್ತು, ನಾನು ಕೀಲಿಗಳ ಕಡೆ ನೋಡಿರಲೇ ಇಲ್ಲ. ಕಣ್ಣು ನೋಟ್‌ಬುಕ್‌ನಲ್ಲಿತ್ತು, ಬಾಯಲ್ಲಿ ಪದ ಸಣ್ಣಗೆ ಹಾಡಿಕೊಳ್ಳುತ್ತಿದ್ದೆ. ಅದರಲ್ಲಿ ಎರಡು ತಪ್ಪಿದ್ದವು, ಟ ಇರಬೇಕಾದ ಕಡೆ ಡ. ಪಕ್ಕಪಕ್ಕದ ಕೀಲಿ.

ಗೆದ್ದಲು ತಿಂದ ಮೂಲೆಯಲ್ಲಿ ಒಂಬತ್ತು ಪದಗಳ ಕೊನೆಯ ಸಾಲು ಹೋಗಿದೆ. ಅಲ್ಲಿ ಚುಕ್ಕಿ ಇಟ್ಟು ಬಿಟ್ಟಿದ್ದೇನೆ. ಜಗಳೂರಿನಲ್ಲಿರುವ ನನ್ನ ಚಿಕ್ಕವ್ವನಿಗೆ 80 ದಾಟಿದೆ, ಅವಳಿಗೆ ಫೋನ್ ಮಾಡಿ ಒಂದೊಂದೇ ಕೇಳುತ್ತಿದ್ದೇನೆ. ಮೂರು ಸಿಕ್ಕಿವೆ. ಅವಳು ಹೇಳುತ್ತ ಹೋದಂತೆ ಫೋನನ್ನು ಸ್ಪೀಕರಿಗೆ ಹಾಕಿ ಎರಡೂ ಕೈಯಲ್ಲಿ ಟೈಪ್ ಮಾಡಿಕೊಳ್ಳುತ್ತೇನೆ.

ಚಂದ್ರವಳ್ಳಿ (ಚಿತ್ರದುರ್ಗ)

ಮೇಡಂ, ಓದಿ ಕಣ್ಣು ತುಂಬಿ ಬಂತು. ನನಗೂ ನೇಕಾರರ ಧ್ವನಿಮುದ್ರಣಗಳನ್ನು ಕೇಳುತ್ತ ಬರೆಯಬೇಕಿದೆ. ನೀವು ಕೊಂಡ ಕೀಬೋರ್ಡ್ ನನ್ನ 8 ಇಂಚಿನದಕ್ಕೆ ಹೊಂದುತ್ತದೆಯೋ ಇಲ್ಲವೋ ಎಂದು ಕೊಳ್ಳುವ ಮೊದಲು ಒಮ್ಮೆ ಹಚ್ಚಿ ನೋಡಬೇಕೆಂದಿದೆ. ಅಂಗಡಿಯಲ್ಲಿ ಡಬ್ಬಿ ಬಿಚ್ಚಲು ಒಪ್ಪಲಿಲ್ಲ.

ಕುಂದವಾಡ ಕೆರೆ (ದಾವಣಗೆರೆ)

ಬರುವ ಭಾನುವಾರ ಚಿತ್ರದುರ್ಗದಲ್ಲಿ ನಮ್ಮ ನೆಂಟರ ಮದುವೆ ಇದೆ ಮಗಳೇ. ಕೀಬೋರ್ಡನ್ನೂ ಒಟಿಜಿ ಕೊಂಡಿಯನ್ನೂ ಚೀಲಕ್ಕೆ ಹಾಕಿಕೊಂಡು ಬರುತ್ತೇನೆ. ಊಟ ಮುಗಿಸಿ ಎರಡು ಗಂಟೆಗೆ ಬಿಡುವಾಗುತ್ತೇನೆ. ನಿನ್ನ ಟ್ಯಾಬ್ಲೆಟ್ ತೆಗೆದುಕೊಂಡು ಬಾ, ಕೂತು ನೋಡೋಣ. ಆ ಮಗ್ಗದ ಭಾಗಗಳ ಹೆಸರುಗಳನ್ನೂ ತೋರಿಸು, ಒಂದೆರಡು ನನ್ನ ಅವ್ವನ ಪದಗಳಲ್ಲೂ ಬಂದಿವೆ ಎನಿಸುತ್ತದೆ.